ವಿದೇಶಿ ಮಾರಾಟಗಾರರಿಂದ ಆನ್‌ಲೈನ್ ಖರೀದಿ: ಹಣ ಉಳಿಯುವುದೆಲ್ಲಿ, ಸೋರುವುದೆಲ್ಲಿ

ಬೇರೆ ದೇಶದಿಂದ ತರಿಸಿದ ವಸ್ತು ಅಗ್ಗವೋ ತುಟ್ಟಿಯೋ ಎಂಬುದು ಅದು ಮನೆ ಬಾಗಿಲಿಗೆ ಬಂದು, ಕೊನೆಯ ಶುಲ್ಕವನ್ನೂ ಕಟ್ಟಿ, ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ ತಿಳಿಯುವ ಸಂಗತಿ. ಪರದೆಯ ಮೇಲೆ ಕಾಣುವ ಬೆಲೆ ಆ ಲೆಕ್ಕದ ಮೊದಲ ಸಾಲು ಮಾತ್ರ. ಅದರ ಕೆಳಗೆ ಸಾಗಣೆ, ಆಮದು ಸುಂಕ, ತೆರಿಗೆ, ಕೊರಿಯರ್‌ನವರ ಸೇವಾ ಶುಲ್ಕ, ಕಾರ್ಡಿನ ವಿನಿಮಯ ಶುಲ್ಕ ಒಂದರ ಹಿಂದೊಂದು ಬಂದು ಸೇರುತ್ತವೆ. ಇವನ್ನೆಲ್ಲ ಆರ್ಡರ್ ಕೊಡುವ ಮೊದಲೇ ಕೂಡಿಸಿ ನೋಡುವವರಿಗೆ ಮಾತ್ರ ಈ ಖರೀದಿಯಲ್ಲಿ ನಿಜವಾಗಿ ಹಣ ಉಳಿಯುತ್ತದೆ.

## ಮನೆ ಬಾಗಿಲಿನ ಬೆಲೆ

ಒಂದು ಉದಾಹರಣೆ ಹಾಕಿಕೊಳ್ಳೋಣ. ವಸ್ತುವಿನ ಬೆಲೆ 60 ಡಾಲರ್, ಸಾಗಣೆ 12. ಸುಂಕದ ದರ ಶೇ 10, ಅದರ ಮೇಲಿನ ತೆರಿಗೆ ಶೇ 20, ಕೊರಿಯರ್ ಸೇವಾ ಶುಲ್ಕ 15 ಡಾಲರ್, ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ 3 ಎಂದು ಇಟ್ಟುಕೊಳ್ಳಿ. ಈ ದರಗಳು ಲೆಕ್ಕ ತೋರಿಸಲು ಹಾಕಿಕೊಂಡವು. ನಿಮ್ಮಲ್ಲಿನ ದರಗಳನ್ನು ಇವುಗಳ ಜಾಗದಲ್ಲಿಟ್ಟು ನೋಡಬೇಕು.

ವಸ್ತು ಮತ್ತು ಸಾಗಣೆ ಸೇರಿ 72. ಅದರ ಮೇಲೆ ಸುಂಕ 7.20, ಒಟ್ಟು 79.20. ತೆರಿಗೆ ಬೀಳುವುದು ಸುಂಕ ಸೇರಿದ ಮೊತ್ತದ ಮೇಲೆ: 15.84. ಈಗ 95.04. ಕೊರಿಯರ್ ಶುಲ್ಕ 15 ಸೇರಿ 110.04. ಅಂಗಡಿಗೆ ಕೊಟ್ಟ 72ರ ಮೇಲೆ ಕಾರ್ಡಿನವರು ಹಿಡಿಯುವ 2.16 ಸೇರಿದರೆ 112.20.

ಅರವತ್ತರ ವಸ್ತು ನೂರ ಹನ್ನೆರಡಾಯಿತು. ಅದೇ ವಸ್ತು ನಿಮ್ಮೂರಲ್ಲೇ 105ಕ್ಕೆ ವಾರಂಟಿ ಸಮೇತ ಸಿಗುತ್ತಿದ್ದರೆ ನಷ್ಟ. ಕೊರಿಯರ್ ಬಿಟ್ಟು ಅಂಚೆಯಲ್ಲಿ ತರಿಸಿ, ಸೇವಾ ಶುಲ್ಕ 15ರ ಬದಲು 5 ಆದರೆ 102.20ಕ್ಕೆ ಇಳಿಯುತ್ತದೆ; ಆದರೂ ಮೂರು ಡಾಲರ್ ಉಳಿತಾಯಕ್ಕೆ ವಾರಗಟ್ಟಲೆ ಕಾಯುವುದು, ಕೆಟ್ಟರೆ ರಿಪೇರಿಗೆ ದಿಕ್ಕಿಲ್ಲದಿರುವುದು ಯೋಗ್ಯವಲ್ಲ. ಎಲ್ಲ ಕೂಡಿಸಿದ ಮೇಲೂ ಕಾಲು ಭಾಗದಷ್ಟು ಅಗ್ಗವಾಗಿದ್ದರೆ ಮಾತ್ರ ತರಿಸಿ ಎನ್ನುವುದು ನಮ್ಮ ಸಲಹೆ. ಸ್ಥಳೀಯವಾಗಿ ಸಿಗದೇ ಇರುವ ವಸ್ತುವಾದರೆ ಈ ಮಾತು ಅನ್ವಯಿಸುವುದಿಲ್ಲ.

ಲೆಕ್ಕದಲ್ಲಿ ಎಡವುವ ಜಾಗಗಳು ಕೆಲವಿವೆ. ಬಹಳಷ್ಟು ದೇಶಗಳಲ್ಲಿ ಸುಂಕ ಹಾಕುವುದು ವಸ್ತು, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅಂತರರಾಷ್ಟ್ರೀಯ ಸಾಗಣೆಯನ್ನು ಬಿಟ್ಟು ಸುಂಕ ಲೆಕ್ಕ ಹಾಕುತ್ತಾರೆ. ಮೊದಲ ಬಗೆಯ ದೇಶದಲ್ಲಿ ದುಬಾರಿ ಸಾಗಣೆ ಆರಿಸಿಕೊಂಡರೆ ಆ ಸಾಗಣೆಗೂ ಸುಂಕ ಕಟ್ಟಿದಂತಾಗುತ್ತದೆ.

ಸುಂಕದ ದರ ಹುಡುಕಲು ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್ ಕೋಡ್ ಬೇಕು. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ವರ್ಗೀಕರಣ 1988ರಿಂದ ಜಾರಿಯಲ್ಲಿದೆ. ಮೊದಲ 6 ಅಂಕಿಗಳು ಅದನ್ನು ಒಪ್ಪಿಕೊಂಡ ಎಲ್ಲ ದೇಶಗಳಿಗೂ ಒಂದೇ. ಮುಂದಿನವನ್ನು ಆಯಾ ದೇಶಗಳು ತಮಗೆ ಬೇಕಾದಂತೆ ಸೇರಿಸಿಕೊಳ್ಳುತ್ತವೆ. ಮೊದಲ ಎರಡು ಅಂಕಿ ಅಧ್ಯಾಯವನ್ನು ಸೂಚಿಸುತ್ತವೆ: 61 ಹೆಣೆದ ಬಟ್ಟೆಯ ಉಡುಪು (ಟೀ ಶರ್ಟ್, ಸ್ವೆಟರ್), 62 ನೇಯ್ದ ಬಟ್ಟೆಯ ಉಡುಪು, 64 ಪಾದರಕ್ಷೆ, 85 ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು, 91 ಗಡಿಯಾರ, 95 ಆಟಿಕೆ ಮತ್ತು ಕ್ರೀಡಾ ಸಾಮಗ್ರಿ. ನಿಮ್ಮ ದೇಶದ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಕೋಡ್ ಹಾಕಿ ದರ ನೋಡಬಹುದು. ಕೋಡ್ ಗೊತ್ತಿಲ್ಲದಿದ್ದರೆ ಮಾರಾಟಗಾರರನ್ನೇ ಕೇಳಿ. ರಫ್ತಿನ ಕಾಗದದಲ್ಲಿ ಅವರು ಅದನ್ನು ಹೇಗೂ ಬರೆಯಬೇಕು.

ಇಷ್ಟು ಮೊತ್ತದೊಳಗೆ ಸುಂಕವಿಲ್ಲ, ತೆರಿಗೆಯಿಲ್ಲ ಎಂಬ ವಿನಾಯಿತಿ ಮಿತಿಯ ಬಗ್ಗೆ ಹಳೆಯ ಸಲಹೆಗಳನ್ನು ನಂಬಬೇಡಿ. ಈ ಮಿತಿಗಳು ಒಂದೊಂದಾಗಿ ಬಿದ್ದುಹೋಗುತ್ತಿವೆ. ಆಸ್ಟ್ರೇಲಿಯಾ 2018ರ ಜುಲೈ 1ರಿಂದ 1,000 ಆಸ್ಟ್ರೇಲಿಯನ್ ಡಾಲರ್ ಒಳಗಿನ ವಸ್ತುಗಳಿಗೂ ತೆರಿಗೆ ಹಾಕತೊಡಗಿತು. ಬ್ರಿಟನ್ 15 ಪೌಂಡ್‌ವರೆಗಿನ ತೆರಿಗೆ ವಿನಾಯಿತಿಯನ್ನು 2021ರ ಜನವರಿ 1ಕ್ಕೆ ತೆಗೆಯಿತು. ಯುರೋಪಿಯನ್ ಒಕ್ಕೂಟ 22 ಯೂರೊ ವಿನಾಯಿತಿಯನ್ನು ಅದೇ ವರ್ಷದ ಜುಲೈ 1ಕ್ಕೆ. ಅಮೆರಿಕದ 800 ಡಾಲರ್ ಮಿತಿ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೂ ನಿಂತಿತು. ಆದ್ದರಿಂದ ಪ್ರತಿ ದೊಡ್ಡ ಖರೀದಿಗೆ ಮುಂಚೆ ಕಸ್ಟಮ್ಸ್ ಜಾಲತಾಣದಲ್ಲಿ ಆ ದಿನದ ನಿಯಮ ನೋಡುವುದೇ ದಾರಿ.

ಮಿತಿ ಇರುವ ಕಡೆಯೂ ಒಂದು ಎಚ್ಚರ ಬೇಕು. ಒಬ್ಬರ ಹೆಸರಿಗೆ ಒಂದೇ ದಿನ ಬಂದ ಹಲವು ಪ್ಯಾಕೆಟ್‌ಗಳನ್ನು ಒಟ್ಟು ಸೇರಿಸಿ ಒಂದೇ ಸರಕೆಂದು ಲೆಕ್ಕ ಹಾಕುವ ಅಧಿಕಾರ ಕೆಲವು ದೇಶಗಳ ಕಸ್ಟಮ್ಸ್‌ಗೆ ಇದೆ. ಆರ್ಡರ್ ಒಡೆದ ಮಾತ್ರಕ್ಕೆ ಸುಂಕ ತಪ್ಪುತ್ತದೆಂದು ನೆಚ್ಚಬೇಡಿ.

ಹಲವು ಮಾರಾಟಗಾರರು ಸೇರಿರುವ ಆನ್‌ಲೈನ್ ಮಾರುಕಟ್ಟೆಗಳಲ್ಲಿ (ಅಮೆಜಾನ್, ಇ-ಬೇಯಂಥವು) ಕೆಲವು ಪಾವತಿಯ ಹೊತ್ತಿನಲ್ಲೇ ತೆರಿಗೆ ಹಿಡಿಯುತ್ತವೆ. ಸುಂಕ ಮತ್ತು ತೆರಿಗೆಯನ್ನು ಮಾರಾಟಗಾರರೇ ಕಟ್ಟುವ ವ್ಯವಸ್ಥೆಗೆ ಡಿಡಿಪಿ ಎನ್ನುತ್ತಾರೆ. ನೀವು ಇಳಿಸಿಕೊಳ್ಳುವಾಗ ಕಟ್ಟಬೇಕಾದದ್ದು ಡಿಎಪಿ. ಡಿಡಿಪಿಯಲ್ಲಿ ಬೆಲೆ ಸ್ವಲ್ಪ ಹೆಚ್ಚು ಕಂಡರೂ ಕೊನೆಯ ಮೊತ್ತ ಮೊದಲೇ ಗೊತ್ತಿರುತ್ತದೆ, ಕೊರಿಯರ್‌ನವರು ಬಾಗಿಲಲ್ಲಿ ಹೊಸ ಬಿಲ್ ಹಿಡಿದು ನಿಲ್ಲುವುದಿಲ್ಲ. ಮುಂಚಿತವಾಗಿ ತೆರಿಗೆ ಕಟ್ಟಿದ ಬಿಲ್ಲನ್ನು ಉಳಿಸಿಡಿ. ಪಾರ್ಸೆಲ್ಲಿನ ಜೊತೆ ಆ ವಿವರ ಸರಿಯಾಗಿ ಹೋಗದಿದ್ದರೆ ಅದೇ ತೆರಿಗೆಯನ್ನು ಎರಡನೇ ಸಲ ಕೇಳುತ್ತಾರೆ. ಆಗ ಆ ಬಿಲ್ಲೇ ನಿಮ್ಮ ಆಧಾರ.

## ಹಣ ಪಾವತಿಯಲ್ಲಿ ಸೋರಿಕೆ

ಪಾವತಿ ಪುಟದಲ್ಲಿ ‘ನಿಮ್ಮ ಕರೆನ್ಸಿಯಲ್ಲೇ ಪಾವತಿಸಿ’ ಎಂಬ ಆಯ್ಕೆ ಬರುತ್ತದೆ. ನೋಡಲು ಅನುಕೂಲವಾಗಿ ಕಂಡರೂ ಅಲ್ಲಿ ವಿನಿಮಯ ದರವನ್ನು ಇಡುವವರು ಅಂಗಡಿಯವರು ಅಥವಾ ಅವರ ಪಾವತಿ ಸಂಸ್ಥೆ, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಮಾರಾಟಗಾರರ ಕರೆನ್ಸಿಯಲ್ಲೇ ಪಾವತಿಸಿ, ಪರಿವರ್ತನೆಯನ್ನು ನಿಮ್ಮ ಕಾರ್ಡಿಗೆ ಬಿಡಿ. ಎಷ್ಟೋ ಕಾರ್ಡುಗಳು ಇದರ ಮೇಲೆ ಶೇಕಡಾ ಒಂದರಿಂದ ಮೂರೂವರೆವರೆಗೆ ಶುಲ್ಕ ಹಾಕುತ್ತವೆ. ಶುಲ್ಕವಿಲ್ಲದ ಕಾರ್ಡುಗಳೂ ಇವೆ. ವರ್ಷಕ್ಕೆ ನಾಲ್ಕಾರು ಸಲ ತರಿಸುವವರು ಅಂಥ ಕಾರ್ಡನ್ನು ಇಟ್ಟುಕೊಂಡರೆ ಲಾಭ.

ಹಣ ಹೋಗುವ ದಾರಿಯೇ ಮುಂದೆ ನಿಮ್ಮ ರಕ್ಷಣೆಯ ದಾರಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ, ವಸ್ತು ಬಾರದಿದ್ದಾಗ ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ಕೇಳಬಹುದು. ಪೇಪಾಲ್‌ನಲ್ಲಿ ಪಾವತಿಯಾದ 180 ದಿನಗಳೊಳಗೆ ದೂರು ತೆರೆಯಬಹುದು, ಆದರೆ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ಆಯ್ಕೆಯಲ್ಲಿ ಕಳಿಸಿದ ಹಣಕ್ಕೆ ಖರೀದಿದಾರರ ರಕ್ಷಣೆ ಇಲ್ಲ. ಅದರಲ್ಲಿ ಕಳಿಸಿ, ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುವವರ ಉದ್ದೇಶವೂ ಅದೇ. ಬ್ಯಾಂಕ್ ವರ್ಗಾವಣೆ, ಕ್ರಿಪ್ಟೊ, ಗಿಫ್ಟ್ ಕಾರ್ಡ್ ಕೇಳುವ ಅಂಗಡಿಯಿಂದ ಕೊಳ್ಳಲೇಬೇಡಿ. ಮಾರುಕಟ್ಟೆಯ ಹೊರಗೆ, ವಾಟ್ಸ್ಆ್ಯಪ್‌ನಲ್ಲಿ ವ್ಯವಹಾರ ಮುಗಿಸೋಣ ಎಂದು ಕರೆಯುವವರಿಗೂ ಇದೇ ಉತ್ತರ.

ಬೆಲೆ ಇಳಿಸುವ ಒಂದು ನೇರ ಅವಕಾಶವನ್ನು ಬಹಳ ಜನ ಗಮನಿಸುವುದಿಲ್ಲ. ಯುರೋಪಿನ ಮತ್ತು ಬ್ರಿಟನ್ನಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಅಲ್ಲಿನ ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ. ರಫ್ತಾಗುವ ವಸ್ತುವಿಗೆ ಅದನ್ನು ಹಾಕಬೇಕಿಲ್ಲ. ತೆರಿಗೆ ಶೇ 20 ಇದ್ದರೆ 120 ಪೌಂಡಿನ ವಸ್ತು ನಿಮಗೆ 100ಕ್ಕೆ ಸಿಗಬೇಕು. ವಿಳಾಸದಲ್ಲಿ ದೇಶ ಬದಲಿಸಿದೊಡನೆ ಕಾರ್ಟ್‌ನಲ್ಲಿ ಬೆಲೆ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಅಂಗಡಿಗೆ ಬರೆದು ಕೇಳಿ. ಕೆಲವರು ಕೈಯಾರೆ ಸರಿಪಡಿಸಿ ಕೊಡುತ್ತಾರೆ, ಕೆಲವರು ಆ ಹಣವನ್ನು ತಾವೇ ಉಳಿಸಿಕೊಳ್ಳುತ್ತಾರೆ. ಎರಡನೆಯವರಿಂದ ಕೊಂಡರೆ ಅವರ ದೇಶಕ್ಕೂ ನಿಮ್ಮ ದೇಶಕ್ಕೂ ಎರಡು ಕಡೆಯ ತೆರಿಗೆಯ ಭಾರ ನಿಮ್ಮದೇ.

## ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು

ಹಗುರ, ಸಣ್ಣದು, ಒಡೆಯದ್ದು, ಬ್ರ್ಯಾಂಡ್ ಮುಖ್ಯವಲ್ಲದ್ದು ಅಥವಾ ಪಾರ್ಟ್ ನಂಬರ್‌ನಿಂದ ಖಚಿತವಾಗಿ ಗುರುತಿಸಬಹುದಾದದ್ದು: ಉಳಿತಾಯ ಇರುವುದು ಇಲ್ಲಿ. ಎಲೆಕ್ಟ್ರಾನಿಕ್ ಬಿಡಿಭಾಗಗಳು, ಸೆನ್ಸರ್ ಬೋರ್ಡುಗಳು, ಬೇರಿಂಗ್, ಹೊಲಿಗೆ ಯಂತ್ರದ ಬಿಡಿಭಾಗ, ಕರಕುಶಲ ಉಪಕರಣ, ವಾಚಿನ ಪಟ್ಟಿ, ಹಳೆಯ ಉಪಕರಣದ ಸ್ಪೇರ್ ಪಾರ್ಟ್, ಸ್ಥಳೀಯ ಅಂಗಡಿಯವರು ಇಡದ ಹವ್ಯಾಸದ ಸಾಮಾನು. ಜಪಾನಿನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್‌ಗಳಂಥ ವಸ್ತುಗಳಿಗೆ ಅಲ್ಲೇ ಕೊಂಡು ಕಳಿಸಿಕೊಡುವ ಪ್ರಾಕ್ಸಿ ಸೇವೆಗಳಿವೆ.

ದೊಡ್ಡದು, ಭಾರದ್ದು, ಗಾಜಿನದು ತರಿಸಿದರೆ ಸಾಗಣೆಯೇ ಉಳಿತಾಯವನ್ನು ತಿಂದುಹಾಕುತ್ತದೆ. ಪ್ರಾಣಕ್ಕೆ ಸಂಬಂಧಿಸಿದ ಸಾಮಾನನ್ನು, ಅಂದರೆ ಹೆಲ್ಮೆಟ್, ಬ್ರೇಕ್ ಪ್ಯಾಡ್, ಮಕ್ಕಳ ಕಾರ್ ಸೀಟ್, ಬೆಟ್ಟ ಹತ್ತುವ ಹಗ್ಗ, ಗೋಡೆಗೆ ಚುಚ್ಚುವ ಅಗ್ಗದ ಚಾರ್ಜರ್, ಹೆಸರಿಲ್ಲದ ಮಾರಾಟಗಾರರಿಂದ ಎಷ್ಟು ಅಗ್ಗಕ್ಕೆ ಸಿಕ್ಕರೂ ತರಿಸಬೇಡಿ. ಅದರ ಮೇಲಿನ ಸುರಕ್ಷತಾ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಪ್ರಸಿದ್ಧ ಬ್ರ್ಯಾಂಡಿನ ಶೂ, ಸುಗಂಧದ್ರವ್ಯ, ಇಯರ್‌ಫೋನ್ ಕಾಲು ಬೆಲೆಗೆ ಸಿಗುತ್ತಿದ್ದರೆ ಅದು ನಕಲಿ. ನಕಲಿ ಮಾಲನ್ನು ಕಸ್ಟಮ್ಸ್ ಮುಟ್ಟುಗೋಲು ಹಾಕಿದರೆ ವಸ್ತುವೂ ಹೋಗುತ್ತದೆ, ಹಣ ವಾಪಸ್ ಪಡೆಯುವುದೂ ಕಷ್ಟವಾಗುತ್ತದೆ.

ಔಷಧ, ಬೀಜ, ಸಸ್ಯ, ಚಾಕು, ಡ್ರೋನ್, ರೇಡಿಯೊ ಉಪಕರಣಗಳಿಗೆ ಅನೇಕ ದೇಶಗಳಲ್ಲಿ ಪ್ರತ್ಯೇಕ ಅನುಮತಿ ಬೇಕು. ಬಿಡಿ ಲಿಥಿಯಂ ಬ್ಯಾಟರಿ, ಸ್ಪ್ರೇ ಕ್ಯಾನ್, ಆಲ್ಕೊಹಾಲ್ ಇರುವ ಸುಗಂಧ ವಿಮಾನ ಸಾಗಣೆಯ ಅಪಾಯಕಾರಿ ವಸ್ತುಗಳ ನಿಯಮದಡಿ ಬರುತ್ತವೆ; ಬಹಳಷ್ಟು ಅಂಚೆ ಸೇವೆಗಳು ಇವನ್ನು ಮುಟ್ಟುವುದೇ ಇಲ್ಲ.

ಎರಡು ವಸ್ತುಗಳಲ್ಲಿ ಮೋಸ ಎಷ್ಟು ಸಾಮಾನ್ಯವೆಂದರೆ ಅವುಗಳ ಲೆಕ್ಕವನ್ನು ತಿಳಿದೇ ಇರಬೇಕು. ಮೊದಲನೆಯದು ಬ್ಯಾಟರಿ. 18650 ಎಂಬ ಅಳತೆಯ ಲಿಥಿಯಂ ಸೆಲ್‌ನಲ್ಲಿ ಒಳ್ಳೆಯ ತಯಾರಕರದ್ದೂ ಸುಮಾರು 3,500 ಎಂಎಎಚ್ (ಸೆಲ್ ಹಿಡಿಯುವ ವಿದ್ಯುತ್ತಿನ ಅಳತೆ) ಆಸುಪಾಸಿಗೆ ನಿಲ್ಲುತ್ತದೆ. 9,900 ಎಂದು ಬರೆದ ಸೆಲ್ ಸುಳ್ಳು. ಇಂಥ ಒಂದು ಸೆಲ್ 45ರಿಂದ 50 ಗ್ರಾಂ ತೂಗುತ್ತದೆ; 20,000 ಎಂಎಎಚ್ ಪವರ್ ಬ್ಯಾಂಕಿಗೆ ಆರು ಸೆಲ್ ಬೇಕು, ಸೆಲ್‌ಗಳೇ 270 ಗ್ರಾಂ ದಾಟುತ್ತವೆ. ಮಾರಾಟಗಾರರು ಬರೆದಿರುವ ಒಟ್ಟು ತೂಕ 200 ಗ್ರಾಂ ಇದ್ದರೆ ಮುಂದೆ ಓದುವ ಅಗತ್ಯವಿಲ್ಲ. ಇನ್ನೊಂದು ವಿಷಯ: ಆ 20,000 ಎಂಬುದು ಒಳಗಿನ 3.7 ವೋಲ್ಟ್ ಲೆಕ್ಕ, ಅಂದರೆ 74 ವ್ಯಾಟ್ ಅವರ್. 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವಾಗ, ಪರಿವರ್ತನೆಯ ನಷ್ಟ ಕಳೆದು, ಕೈಗೆ ಸಿಗುವುದು 12,000ದಿಂದ 13,000. ಇದು ಮೋಸವಲ್ಲ, ಹಾಗೆಂದು ದೂರು ಕೊಟ್ಟರೆ ನಿಲ್ಲುವುದಿಲ್ಲ.

ಎರಡನೆಯದು ಮೆಮೊರಿ ಕಾರ್ಡ್ ಮತ್ತು ಪೆನ್ ಡ್ರೈವ್. ಸಣ್ಣ ಚಿಪ್‌ನ ಕಂಟ್ರೋಲರನ್ನು ತಿದ್ದಿ, ಕಂಪ್ಯೂಟರಿಗೆ ದೊಡ್ಡ ಅಳತೆ ತೋರಿಸುವಂತೆ ಮಾಡಿರುತ್ತಾರೆ. ನಿಜವಾದ ಅಳತೆ ತುಂಬುವವರೆಗೆ ಎಲ್ಲ ಸರಿಯಿರುತ್ತದೆ, ಆಮೇಲೆ ಹಾಕಿದ ಫೈಲುಗಳು ಹಾಳಾಗುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನಿಜ ಹೇಳುತ್ತವೆ. ದೊಡ್ಡ ಕಾರ್ಡಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ದೂರಿನ ಅವಧಿ ಮುಗಿಯುವ ಮೊದಲೇ ಮಾಡಿ, ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದಿಡಿ.

## ಹೊಂದುತ್ತದೆಯೇ ಎಂದು ನೋಡುವುದು

ವಿದ್ಯುತ್ ಉಪಕರಣದ ಲೇಬಲ್ಲಿನ ಫೋಟೊ ಕೇಳಿ. ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಎಲ್ಲೆಡೆ ಓಡುತ್ತದೆ, ಪಿನ್ನಿನ ಆಕಾರಕ್ಕೆ ಅಡಾಪ್ಟರ್ ಸಾಕು. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ಜಗತ್ತಿನ ಹೆಚ್ಚಿನ ಭಾಗ 220ರಿಂದ 240. ಪಿನ್ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ. 120 ವೋಲ್ಟಿನ ಕಾಯಿಸುವ ಉಪಕರಣವನ್ನು 240ಕ್ಕೆ ಹಾಕಿದರೆ ಕರೆಂಟ್ ದುಪ್ಪಟ್ಟಾಗಿ, ಶಕ್ತಿ ನಾಲ್ಕು ಪಟ್ಟಾಗಿ ಸುಟ್ಟುಹೋಗುತ್ತದೆ. ಅದಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರಿನ ಬೆಲೆ ಮತ್ತು ತೂಕ ಸೇರಿಸಿದರೆ ಲೆಕ್ಕ ಹೊಂದುವುದು ಅಪರೂಪ.

ಫೋನಿನಲ್ಲಿ ನಿಮ್ಮ ಮೊಬೈಲ್ ಜಾಲ ಬಳಸುವ ಬ್ಯಾಂಡುಗಳು (ರೇಡಿಯೊ ತರಂಗಗಳ ಪಟ್ಟೆಗಳು) ಇವೆಯೇ ಎಂದು ಮಾಡೆಲ್ ನಂಬರ್ ಹಾಕಿ ನೋಡಿ. ಒಂದೇ ಹೆಸರಿನ ಫೋನಿಗೆ ದೇಶಕ್ಕೊಂದು ಮಾಡೆಲ್ ನಂಬರ್ ಇರಬಹುದು. ಪ್ರಿಂಟರ್ ಕಾರ್ಟ್ರಿಜ್, ಬ್ಲೂ ರೇ ಡಿಸ್ಕ್, ಗೇಮ್ ಕೋಡ್‌ಗಳಿಗೆ ಪ್ರದೇಶದ ಬೀಗ ಇರಬಹುದು. ಕ್ಯಾಮೆರಾ, ಲ್ಯಾಪ್‌ಟಾಪ್‌ಗಳ ವಾರಂಟಿ ಅಂತರರಾಷ್ಟ್ರೀಯವೋ ಕೊಂಡ ದೇಶಕ್ಕೆ ಮಾತ್ರವೋ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಓದಿ, ಮಾರಾಟಗಾರರ ಮಾತಿನಲ್ಲಿ ಅಲ್ಲ.

ಬಟ್ಟೆಗೆ ಎಂ, ಎಲ್ ಅಕ್ಷರ ನೋಡಬೇಡಿ. ನಿಮಗೆ ಚೆನ್ನಾಗಿ ಹೊಂದುವ ಅಂಗಿಯನ್ನು ಮೇಜಿನ ಮೇಲೆ ಹರಡಿ ಎದೆ, ಭುಜ, ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು ಮಾರಾಟಗಾರರ ಅಳತೆ ಪಟ್ಟಿಗೆ ಹೋಲಿಸಿ. ಪಟ್ಟಿಯಲ್ಲಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಗಾತ್ರದ ಬಗೆಗಿನ ಹೆಚ್ಚಿನ ಜಗಳಗಳು ಇಲ್ಲೇ ಹುಟ್ಟುತ್ತವೆ. ಶೂಗೆ ಸಂಜೆಯ ಹೊತ್ತು ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು ಪಾದದ ಉದ್ದ ಅಳೆಯಿರಿ. ಗಂಡಸರ ಶೂನಲ್ಲಿ ಬ್ರಿಟನ್ನಿನ 8 ಎಂದರೆ ಅಮೆರಿಕದ 9ರ ಸುಮಾರು.

## ಮಾರಾಟಗಾರರನ್ನು ಅಳೆಯುವುದು

ಒಟ್ಟು ನಕ್ಷತ್ರಗಳ ಸರಾಸರಿ ಹೆಚ್ಚು ಹೇಳುವುದಿಲ್ಲ. ಮೂರು ನಕ್ಷತ್ರ ಮತ್ತು ಅದಕ್ಕಿಂತ ಕೆಳಗಿನ ವಿಮರ್ಶೆಗಳನ್ನು, ಅದರಲ್ಲೂ ಕೊಂಡವರೇ ಹಾಕಿದ ಫೋಟೊ ಇರುವುದನ್ನು ಓದಿ. ಒಂದೇ ದೂರು ಮರಳಿ ಮರಳಿ ಬರುತ್ತಿದ್ದರೆ ಅದು ನಿಮಗೂ ಬರುತ್ತದೆ. ಹಳೆಯ ವಿಮರ್ಶೆಗಳು ಬೇರೆ ವಸ್ತುವಿನದ್ದಾಗಿರುವ ಪುಟಗಳೂ ಇರುತ್ತವೆ: ಒಳ್ಳೆಯ ಅಂಕ ಗಳಿಸಿದ ಹಳೆಯ ಪುಟದಲ್ಲಿ ಹೊಸ ಮಾಲನ್ನು ಕೂರಿಸಿರುತ್ತಾರೆ.

ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಕನಿಷ್ಠ ಬೆಲೆ ಎಷ್ಟೋ ಸಲ ಮುಖ್ಯ ವಸ್ತುವಿನದ್ದಲ್ಲ, ಅದೇ ಪುಟದಲ್ಲಿ ಸೇರಿಸಿದ ಕೇಬಲ್ಲಿನದೋ ಖಾಲಿ ಕವಚದ್ದೋ. ಬೇಕಾದ ಬಣ್ಣ, ಅಳತೆ ಆರಿಸಿ, ವಿಳಾಸ ಹಾಕಿ, ಸಾಗಣೆ ಸೇರಿದ ಮೊತ್ತವನ್ನೇ ಹೋಲಿಸಿ. ಖರೀದಿಗೆ ಮುಂಚೆ ಮಾರಾಟಗಾರರಿಗೆ ಒಂದು ನಿರ್ದಿಷ್ಟ ಪ್ರಶ್ನೆ ಕಳಿಸಿ: ವಸ್ತುವಿನ ಅಳತೆ ಎಷ್ಟು, ಪೆಟ್ಟಿಗೆಯಲ್ಲಿ ಏನೇನಿದೆ, ಎಲ್ಲಿಂದ ಕಳಿಸುತ್ತೀರಿ. ಉತ್ತರ ಮಾರುಕಟ್ಟೆಯ ಸಂದೇಶ ಪೆಟ್ಟಿಗೆಯಲ್ಲೇ ಉಳಿಯಲಿ. ಮುಂದೆ ಜಗಳವಾದರೆ ಆ ಉತ್ತರವೇ ಸಾಕ್ಷಿ.

ದೊಡ್ಡ ಮಾರುಕಟ್ಟೆಯಲ್ಲದ ಬಿಡಿ ಜಾಲತಾಣವಾದರೆ ತಾಣಗಳ ನೋಂದಣಿ ವಿವರ ತೋರಿಸುವ ಹೂಈಸ್ ಸೇವೆಯಲ್ಲಿ ಅದರ ಡೊಮೇನ್ (ತಾಣದ ಹೆಸರು) ಯಾವಾಗ ನೋಂದಣಿಯಾಯಿತು ನೋಡಿ. ಇಪ್ಪತ್ತು ವರ್ಷದ ಅಂಗಡಿ ಎಂದು ಬರೆದುಕೊಂಡ ತಾಣ ಎರಡು ತಿಂಗಳ ಹಿಂದೆ ಹುಟ್ಟಿದ್ದರೆ ಅಲ್ಲಿಗೆ ಮುಗಿಯಿತು. ವಸ್ತುವಿನ ಫೋಟೊ ಹಾಕಿ ಚಿತ್ರ ಹುಡುಕಾಟ ಮಾಡಿದರೆ ಅದೇ ಫೋಟೊ ಎಲ್ಲಿಂದ ಕದ್ದದ್ದು ಎಂಬುದೂ, ಅದೇ ವಸ್ತು ಬೇರೆಡೆ ಎಷ್ಟಕ್ಕಿದೆ ಎಂಬುದೂ ತಿಳಿಯುತ್ತದೆ.

ರಿಯಾಯಿತಿ ದಿನಗಳಲ್ಲಿ ಹೊಡೆದು ಹಾಕಿ ತೋರಿಸುವ ಹಳೆಯ ಬೆಲೆಯನ್ನು ನಂಬಬೇಡಿ. ಬೇಕಾದ ವಸ್ತುವನ್ನು ಕೆಲವು ವಾರ ಮೊದಲೇ ಕಾರ್ಟಿಗೆ ಹಾಕಿ ಬೆಲೆ ಬರೆದಿಟ್ಟುಕೊಂಡರೆ ನವೆಂಬರ್ 11ರ ಮಾರಾಟದಲ್ಲೋ ಬ್ಲ್ಯಾಕ್ ಫ್ರೈಡೆಯಲ್ಲೋ ನಿಜವಾಗಿ ಇಳಿಯಿತೇ ಎಂದು ಗೊತ್ತಾಗುತ್ತದೆ. ಅಮೆಜಾನ್ ಬೆಲೆಯ ಇತಿಹಾಸಕ್ಕೆ ಕೀಪಾ ಮತ್ತು ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ತಾಣಗಳಿವೆ. ಚೀನಾದ ಹೊಸ ವರ್ಷ ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ. ಆ ಹೊತ್ತಿನಲ್ಲಿ ಅಲ್ಲಿನ ಕಾರ್ಖಾನೆ, ಗೋದಾಮುಗಳು ಮುಚ್ಚಿರುವುದರಿಂದ ಆರ್ಡರುಗಳು ವಾರಗಟ್ಟಲೆ ಕೂರುತ್ತವೆ.

## ಸಾಗಣೆಯ ಆಯ್ಕೆ

ಅಂಚೆ ಮತ್ತು ಕೊರಿಯರ್ ಎರಡೂ ಬೇರೆ ಲೋಕ. ಅಂಚೆಯಲ್ಲಿ 2 ಕಿಲೊವರೆಗಿನ ಸಣ್ಣ ಪ್ಯಾಕೆಟ್ ಅಗ್ಗ, ನಿಧಾನ. ಮುಂಚೆ ಇದು ಇನ್ನೂ ಅಗ್ಗವಿತ್ತು, ಏಕೆಂದರೆ ಬಂದ ಅಂಚೆಯನ್ನು ಹಂಚಲು ದೇಶಗಳು ಒಂದಕ್ಕೊಂದು ಕೊಡುತ್ತಿದ್ದ ದರ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ತೀರಾ ಕಡಿಮೆಯಿತ್ತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ನಡೆದ ಒಕ್ಕೂಟದ ವಿಶೇಷ ಅಧಿವೇಶನ, ಸಣ್ಣ ಪ್ಯಾಕೆಟ್ಟಿನ ದರವನ್ನು ದೇಶಗಳು ತಾವೇ ಘೋಷಿಸಲು ದಾರಿ ಮಾಡಿತು. ಪುಡಿಗಾಸಿನ ವಸ್ತುವಿಗೂ ಸಾಗಣೆ ಉಚಿತ ಎನ್ನುವ ಕಾಲ ಕರಗಿದ್ದಕ್ಕೆ ಇದೂ ಒಂದು ಕಾರಣ.

ಕೊರಿಯರ್ ಬೇಗ ತಲುಪುತ್ತದೆ, ಆದರೆ ಕಸ್ಟಮ್ಸ್ ಕೆಲಸಕ್ಕೆ ತನ್ನದೇ ಶುಲ್ಕ ಹಾಕುತ್ತದೆ, ತೂಕವನ್ನೂ ಬೇರೆ ರೀತಿ ಲೆಕ್ಕ ಹಾಕುತ್ತದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ ಮತ್ತು ಇದರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 40×30×30 ಪೆಟ್ಟಿಗೆಗೆ 36,000 ಭಾಗಿಸು 5,000, ಅಂದರೆ 7.2 ಕಿಲೊ. ಒಳಗೆ ಒಂದೂವರೆ ಕಿಲೊ ದಿಂಬಿದ್ದರೂ 7.2 ಕಿಲೊಗೆ ಹಣ ಕೊಡಬೇಕು. ಚಿಲ್ಲರೆ ಪೆಟ್ಟಿಗೆ ತೆಗೆದು ಚೀಲದಲ್ಲಿ ಕಳಿಸಿ ಎಂದು ಕೇಳಿದರೆ ಅರ್ಧಕ್ಕರ್ಧ ಇಳಿಯುವುದುಂಟು, ಒಡೆಯುವ ವಸ್ತುವಿಗೆ ಮಾತ್ರ ಕೇಳಬೇಡಿ.

ನಿಮ್ಮ ದೇಶಕ್ಕೆ ಕಳಿಸದ ಅಂಗಡಿಗಳಿಗೆ ಪಾರ್ಸೆಲ್ ಮರುಸಾಗಣೆ ಸಂಸ್ಥೆಗಳಿವೆ. ಅವು ಕೊಟ್ಟ ವಿಳಾಸಕ್ಕೆ ಕಳಿಸಿ, ಹಲವು ಪ್ಯಾಕೆಟ್‌ಗಳನ್ನು ಒಂದಾಗಿ ಸೇರಿಸಿ ತರಿಸಬಹುದು. ಅಮೆರಿಕದಲ್ಲಿ ಇಂಥವು ಮಾರಾಟ ತೆರಿಗೆಯಿಲ್ಲದ ಡೆಲವೇರ್, ಒರೆಗಾನ್ ರಾಜ್ಯಗಳಲ್ಲಿ ಬೀಡುಬಿಟ್ಟಿರುವುದಕ್ಕೆ ಕಾರಣ ನೇರವಾಗಿದೆ: ಅಲ್ಲಿನ ವಿಳಾಸ ಕೊಟ್ಟರೆ ಆ ತೆರಿಗೆ ಬೀಳುವುದಿಲ್ಲ. ಆದರೆ ಗೋದಾಮಿನ ಉಚಿತ ಅವಧಿ ಮುಗಿದರೆ ದಿನದ ಬಾಡಿಗೆ ಶುರುವಾಗುತ್ತದೆ. ಜೊತೆಗೆ ಇ-ಬೇ ಕೊಡುವ ಹಣ ವಾಪಸ್ ಭರವಸೆ, ಮೊದಲ ವಿಳಾಸ ತಲುಪಿದ ಮೇಲೆ ಮುಂದಕ್ಕೆ ಸಾಗಿಸಿದ ವಸ್ತುವಿಗೆ ಅನ್ವಯಿಸುವುದಿಲ್ಲ. ಹೆಚ್ಚು ಬೆಲೆಯ ವಸ್ತುವಿಗೆ ಈ ದಾರಿ ಹಿಡಿಯುವ ಮೊದಲು ಇದನ್ನು ತೂಗಿ ನೋಡಿ.

ಬೆಲೆ ಕಡಿಮೆ ಬರೆಯಿರಿ, ಉಡುಗೊರೆ ಎಂದು ಬರೆಯಿರಿ ಎಂದು ಮಾರಾಟಗಾರರಿಗೆ ಹೇಳಬೇಡಿ. ಅವರಾಗಿಯೇ ಹಾಗೆ ಮಾಡುತ್ತೇವೆಂದರೂ ಬೇಡವೆನ್ನಿ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು, ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದೂ ಆ ಬರೆದ ಬೆಲೆಗಷ್ಟೇ. ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಪಿನ್ ಕೋಡ್, ಫೋನ್ ನಂಬರ್ ಸಮೇತ ಬರೆಯಿರಿ. ಗುರುತಿನ ಅಥವಾ ತೆರಿಗೆ ಸಂಖ್ಯೆ ಕೇಳುವ ದೇಶವಾದರೆ ಅದಿಲ್ಲದೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತುಬಿಡುತ್ತದೆ.

## ಟ್ರ್ಯಾಕಿಂಗ್ ನಂಬರ್ ಓದುವುದು

ಅಂಚೆಯ ಅಂತರರಾಷ್ಟ್ರೀಯ ಟ್ರ್ಯಾಕಿಂಗ್ ನಂಬರಿನಲ್ಲಿ 13 ಗುರುತುಗಳು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಮೊದಲ ಅಕ್ಷರ ಆರ್ ಎಂದಿದ್ದರೆ ರಿಜಿಸ್ಟರ್ಡ್, ಇ ಎಂದಿದ್ದರೆ ಇಎಂಎಸ್ ವೇಗದ ಸೇವೆ, ಸಿ ಎಂದಿದ್ದರೆ ಪಾರ್ಸೆಲ್. ಯು ಎಂದಿದ್ದರೆ ಅದು ಪೂರ್ತಿ ಟ್ರ್ಯಾಕ್ ಆಗುವುದಿಲ್ಲ, ಗಡಿ ದಾಟಿದ ಮೇಲೆ ಸುದ್ದಿ ನಿಲ್ಲುವುದು ಸಹಜ.

ಒಂಬತ್ತನೇ ಅಂಕಿ ತಾಳೆ ನೋಡುವ ಅಂಕಿ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಲ್ಲಿ ಕಳೆಯಿರಿ. ಬಂದದ್ದೇ ಒಂಬತ್ತನೇ ಅಂಕಿ. 10 ಬಂದರೆ 0, 11 ಬಂದರೆ 5 ಎಂದು ತೆಗೆದುಕೊಳ್ಳಬೇಕು. 473124829 ನೋಡಿ: 32+42+12+2+6+20+72+14 = 200. ಹನ್ನೊಂದರಿಂದ ಭಾಗಿಸಿದರೆ ಶೇಷ 2, ಹನ್ನೊಂದರಲ್ಲಿ ಎರಡು ಕಳೆದರೆ 9. ತಾಳೆಯಾಯಿತು. ಮಾರಾಟಗಾರರು ಕೊಟ್ಟ ನಂಬರ್ ಎರಡು ವಾರವಾದರೂ ಅಲುಗದಿದ್ದರೆ ಈ ಲೆಕ್ಕ ಹಾಕಿ. ತಪ್ಪಿದ್ದರೆ ನಂಬರ್ ಬರೆಯುವಲ್ಲಿ ಎಡವಿದ್ದಾರೆ ಅಥವಾ ಸುಮ್ಮನೆ ಒಂದು ನಂಬರ್ ಕೊಟ್ಟಿದ್ದಾರೆ. ಕೊರಿಯರ್ ಕಂಪನಿಗಳ ನಂಬರಿಗೆ ಈ ಲೆಕ್ಕ ನಡೆಯುವುದಿಲ್ಲ.

ಪಾರ್ಸೆಲ್ ದಾರಿಯಲ್ಲಿರುವಾಗ ‘ಕಸ್ಟಮ್ಸ್ ಶುಲ್ಕ ಬಾಕಿಯಿದೆ, ಈ ಲಿಂಕ್ ಒತ್ತಿ’ ಎಂಬ ಎಸ್‌ಎಂಎಸ್ ಬರುವುದುಂಟು. ಲಿಂಕ್ ಒತ್ತಬೇಡಿ. ಅಂಚೆ ಅಥವಾ ಕೊರಿಯರಿನ ತಾಣವನ್ನು ನೀವೇ ತೆರೆದು ನಂಬರ್ ಹಾಕಿದರೆ ನಿಜವಾದ ಬಾಕಿ ಅಲ್ಲಿ ಕಾಣುತ್ತದೆ.

## ಪೆಟ್ಟಿಗೆ ಬಂದ ಮೇಲೆ

ಬಿಚ್ಚುವ ಮೊದಲೇ ಫೋನಿನಲ್ಲಿ ವಿಡಿಯೊ ಶುರುಮಾಡಿ. ಲೇಬಲ್, ಟ್ರ್ಯಾಕಿಂಗ್ ನಂಬರ್, ನಾಲ್ಕೂ ಬದಿ, ಟೇಪ್ ಕಾಣಲಿ. ನಿಲ್ಲಿಸದೆ, ಕತ್ತರಿಸದೆ, ವಸ್ತುವನ್ನು ಹೊರತೆಗೆದು ಓಡಿಸಿ ತೋರಿಸುವವರೆಗೆ ಹಿಡಿಯಿರಿ. ಕಡಿಮೆ ಬಂದಿದೆ, ಒಡೆದಿದೆ ಎಂಬ ದೂರಿಗೆ ಇದಕ್ಕಿಂತ ಬಲವಾದ ಆಧಾರವಿಲ್ಲ. ಲೇಬಲ್ ಮೇಲೆ ಬರೆದ ತೂಕದ ಫೋಟೊ ಪ್ರತ್ಯೇಕವಾಗಿ ತೆಗೆಯಿರಿ. ಎರಡು ಕಿಲೊ ವಸ್ತುವಿನ ಲೇಬಲ್ ಮೇಲೆ 40 ಗ್ರಾಂ ಎಂದಿದ್ದರೆ ವಾದವೇ ಬೇಕಾಗುವುದಿಲ್ಲ.

ಆರ್ಡರಿನ ರಕ್ಷಣಾ ಅವಧಿ, ಅಂದರೆ ಮಾರುಕಟ್ಟೆಯಲ್ಲಿ ದೂರು ಕೊಡಬಹುದಾದ ಅವಧಿ, ಮುಗಿಯುವ ತಾರೀಕನ್ನು, ಅದಕ್ಕೆ ಒಂದು ವಾರ ಮೊದಲಿನ ಎಚ್ಚರಿಕೆಯನ್ನೂ ಫೋನಿನಲ್ಲಿ ಹಾಕಿಡಿ. ‘ಇನ್ನು ಹತ್ತು ದಿನ ಕಾಯಿರಿ’, ‘ದೂರು ಹಿಂತೆಗೆದುಕೊಳ್ಳಿ, ಹಣ ಕೊಡುತ್ತೇನೆ’ ಎಂದು ಅವಧಿ ದಾಟಿಸುವುದು ಕೆಟ್ಟ ಮಾರಾಟಗಾರರ ಹಳೆಯ ಪಟ್ಟು. ದೂರು ತೆರೆದಿಟ್ಟುಕೊಂಡೇ ಮಾತಾಡಬಹುದು. ಹಣ ಖಾತೆಗೆ ಬಂದ ಮೇಲೆ ಮುಚ್ಚಿ. ಎಷ್ಟೋ ಕಡೆ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲಾಗುವುದಿಲ್ಲ.

ದೂರಿನ ಕಾರಣವನ್ನು ಆರಿಸುವಾಗ ನಿಧಾನಿಸಿ. ‘ನನಗೆ ಬೇಡವಾಯಿತು’ ಎಂದು ಒತ್ತಿದರೆ ವಾಪಸ್ ಕಳಿಸುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ‘ವಿವರಣೆಯಂತೆ ಇಲ್ಲ’ ಎಂಬುದು ಬೇರೆ. ಎರಡನೆಯದಕ್ಕೆ ಪುಟದಲ್ಲಿನ ಯಾವ ಸಾಲು ಸುಳ್ಳಾಯಿತು ಎಂಬುದನ್ನು ಸ್ಕ್ರೀನ್‌ಶಾಟ್ ಸಮೇತ ತೋರಿಸಿ. ಗುಣಮಟ್ಟ ಕೆಟ್ಟದ್ದು ಎಂದು ಬರೆದರೆ ಸಾಲದು. ‘ಪುಟದಲ್ಲಿ ಹತ್ತಿ ಶೇ 100 ಎಂದಿದೆ, ಒಳಗಿನ ಲೇಬಲ್ ಪಾಲಿಯೆಸ್ಟರ್ ಎನ್ನುತ್ತದೆ’ ಎಂದು ಬರೆಯಿರಿ. ಪುಟ ಆಮೇಲೆ ಬದಲಾಗಬಹುದಾದ್ದರಿಂದ ಈ ಸ್ಕ್ರೀನ್‌ಶಾಟನ್ನು ಆರ್ಡರ್ ಕೊಟ್ಟ ದಿನವೇ ತೆಗೆದಿಡಬೇಕು.

ಮಾರಾಟಗಾರರು ಮೊದಲು ಕೊಡುವುದು ಶೇ 10 ಅಥವಾ 20ರ ಭಾಗಶಃ ರಿಫಂಡ್. ವಸ್ತು ಬಳಕೆಗೆ ಬರುವಂತಿದ್ದು ಸಣ್ಣ ಕೊರತೆಯಿದ್ದರೆ ಒಪ್ಪಬಹುದು. ಕೆಲಸವೇ ಮಾಡದಿದ್ದರೆ ಒಪ್ಪಬೇಡಿ, ಒಪ್ಪಿದೊಡನೆ ದೂರು ಮುಗಿಯುತ್ತದೆ. ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿದರೆ ಪೂರ್ತಿ ಹಣ ಎನ್ನುವವರೂ ಇದ್ದಾರೆ. ಅಂತರರಾಷ್ಟ್ರೀಯ ಅಂಚೆ ವೆಚ್ಚ ವಸ್ತುವಿಗಿಂತ ಹೆಚ್ಚಾಗುವುದರಿಂದ ನೀವು ಕಳಿಸಲಾರಿರಿ ಎಂಬುದು ಅವರ ಲೆಕ್ಕ. ವಾಪಸ್ ಕಳಿಸಲು ಅಂಚೆ ವೆಚ್ಚ ಮೊದಲೇ ಕಟ್ಟಿದ ಲೇಬಲ್ ಕೊಡಿ ಎಂದು ಮಾರುಕಟ್ಟೆಯ ಮಧ್ಯಸ್ಥಿಕೆ ಕೋರಿ.

ತಲುಪಿದೆ ಎಂದು ಟ್ರ್ಯಾಕಿಂಗ್ ತೋರಿಸಿದರೂ ನಿಮಗೆ ಬಾರದಿದ್ದರೆ, ಬೇರೆ ಮನೆಗೆ ಹಗುರ ಲಕೋಟೆ ಕಳಿಸಿ ಆ ನಂಬರನ್ನು ನಿಮಗೆ ಕೊಟ್ಟಿರಬಹುದು. ಅಂಚೆ ಕಚೇರಿಯಲ್ಲಿ ಆ ನಂಬರಿನ ಪಾರ್ಸೆಲ್ಲಿನ ತೂಕ ಮತ್ತು ಅದು ನಿಮ್ಮ ವಿಳಾಸದ್ದಲ್ಲ ಎಂಬುದನ್ನು ಲಿಖಿತವಾಗಿ ಕೇಳಿ ಪಡೆದು ದೂರಿಗೆ ಸೇರಿಸಿ.

ಮಾರುಕಟ್ಟೆಯೂ ಕೈಬಿಟ್ಟರೆ ಚಾರ್ಜ್‌ಬ್ಯಾಕ್. ವೀಸಾ ಕಾರ್ಡುಗಳಲ್ಲಿ ಸಾಮಾನ್ಯವಾಗಿ 120 ದಿನಗಳ ಗಡುವು. ವಸ್ತು ಬಾರದ ಪ್ರಕರಣಗಳಲ್ಲಿ ಅದು ತಲುಪಬೇಕಿದ್ದ ದಿನದಿಂದ ಲೆಕ್ಕವಾಗುತ್ತದೆ. ಬ್ಯಾಂಕ್ ತನ್ನ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಕೊನೆಯ ವಾರದವರೆಗೆ ಬಿಡಬೇಡಿ. ಆರ್ಡರ್ ಪುಟ, ಪಾವತಿ ವಿವರ, ಮಾರಾಟಗಾರರೊಡನೆ ನಡೆದ ಸಂದೇಶಗಳು, ಟ್ರ್ಯಾಕಿಂಗ್, ವಿಡಿಯೊದಿಂದ ತೆಗೆದ ಚಿತ್ರಗಳು, ಮಾರುಕಟ್ಟೆಯ ಅಂತಿಮ ಉತ್ತರ ಇಷ್ಟನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಮೊದಲ ಪುಟದಲ್ಲಿ ಏನಾಯಿತೆಂದು ಐದಾರು ಸಾಲಿನಲ್ಲಿ ಬರೆದು ಕೊಡಿ. ಮಾರಾಟಗಾರರ ವಿರುದ್ಧ ಮಾರುಕಟ್ಟೆಯಲ್ಲಿ ದೂರು ನಡೆಯುತ್ತಿರುವಾಗಲೇ ಚಾರ್ಜ್‌ಬ್ಯಾಕ್ ಹಾಕಿದರೆ ಅಲ್ಲಿನ ದೂರು ಮುಚ್ಚಿಹೋಗಬಹುದು. ಗಡುವಿನಲ್ಲಿ ಸಮಯವಿದ್ದರೆ ಒಂದು ಮುಗಿದ ಮೇಲೆ ಇನ್ನೊಂದನ್ನು ಶುರುಮಾಡಿ.